ತೇರಿನ ಗಡ್ಡೆಯೂ ಮೋಟಾರಿನ ಚಾಸಿಯೂ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಪಂಪ ರನ್ನರನ್ನೋ ಏಕೀಕರಣಕ್ಕೆ ದುಡಿದ ಹಿರಿಯರನ್ನೋ ನೆನೆದು ಮಾತಿಗೆ ತೊಡಗುವುದು ವಾಡಿಕೆ. ಅವರನ್ನು ಮನಸ್ಸಿನಲ್ಲಿಯೇ ನೆನೆದು ಕೈಮುಗಿದಿದ್ದೇನೆ. ಅದಕ್ಕಿಂತ ಹೆಚ್ಚು ಹೇಳುವ ಯೋಗ್ಯತೆ ನನಗಿಲ್ಲ. ಹುಬ್ಬಳ್ಳಿಯಲ್ಲಿ ಹುಟ್ಟಿ, ನಾಗಪುರಕ್ಕೆ ಬಂದು, ಮೂವತ್ತೈದು ವರ್ಷ ರೈಲ್ವೆಯ ಡಬ್ಬಿಗಳ ಕೆಳಗೆ ಅಂಗಾತ ಮಲಗಿ ಜೀವನ ಸವೆಸಿದವನು ನಾನು. ಆಕಾಶವನ್ನು ನೋಡಿದ್ದಕ್ಕಿಂತ ಅಚ್ಚು, ಸ್ಪ್ರಿಂಗುಗಳನ್ನು ನೋಡಿದ್ದೇ ಹೆಚ್ಚು. ಆದ್ದರಿಂದ ಕಾರ್ಯದರ್ಶಿಗಳು “ನಿಮಗೆ ಗೊತ್ತಿರುವ ವಿಷಯವನ್ನೇ ಮಾತಾಡಿ” ಎಂದಾಗ ನನಗೆ ತೋಚಿದ್ದು ಒಂದೇ: ಹಳೆಯ ಕಾಲದ ಓಟದ ಕಾರಿನ ಮಾದರಿಯಲ್ಲಿ ಹೊಸದೊಂದನ್ನು ಕಟ್ಟಬೇಕೆಂದು ಹೊರಟವನು ಅದರ ಅಡಿಗೆ ಯಾವ ಗಾಡಿಯ ಚಾಸಿಯನ್ನು ತರಬೇಕು ಎಂಬುದು.

ಇದೇನು ವಿಚಿತ್ರ ವಿಷಯ ಎಂದು ತಾವು ನಗಬಹುದು. ನಗಿ. ಆದರೆ ಮೂರನೆಯ ಸಾಲಿನಲ್ಲಿ ಕುಳಿತಿರುವ ನನ್ನ ಗೆಳೆಯರ ಬಲಗೈಯ ಮಣಿಕಟ್ಟನ್ನು ಒಮ್ಮೆ ನೋಡಿ. ಸೀತಾಬರ್ಡಿಯಲ್ಲಿ ಅವರ ಕೈಯ ದೋಸೆಯನ್ನು ತಿನ್ನದ ಕನ್ನಡಿಗರು ಈ ಸಭೆಯಲ್ಲಿ ಕಡಿಮೆ. ಆ ಕೈ ಈಗ ಪೂರ್ತಿಯಾಗಿ ತಿರುಗುವುದಿಲ್ಲ. ಅದಕ್ಕೆ ಕಾರಣ ನಾನು ಆರಿಸಿದ ಒಂದು ಚಾಸಿ. ಇನ್ನೊಬ್ಬರ ಕೈ ಹಾಗಾಗದಿರಲಿ ಎಂಬುದಕ್ಕಾಗಿ ಈ ಮಾತು.

ಮೊದಲು, ಚಾಸಿ ಎಂದರೇನು? ಊರಿನ ಜಾತ್ರೆಯನ್ನು ನೆನೆಯಿರಿ. ತೇರು ಎಂದರೆ ನಮ್ಮ ಕಣ್ಣಿಗೆ ಬೀಳುವುದು ಬಣ್ಣದ ಬಟ್ಟೆ, ಬಾವುಟ, ಬಾಳೆಕಂಬ, ತುದಿಯ ಕಳಶ. ಆದರೆ ಅದೆಲ್ಲ ವರ್ಷಕ್ಕೊಮ್ಮೆ ಬಿದಿರಿನಿಂದ ಕಟ್ಟಿ, ಜಾತ್ರೆ ಮುಗಿದ ಮೇಲೆ ಬಿಚ್ಚಿಡುವ ಸರಂಜಾಮು. ವರ್ಷವೆಲ್ಲ ತೇರಿನ ಮನೆಯಲ್ಲಿ ನಿಂತಿರುವುದು ಕೆಳಗಿನ ಮರದ ಗಡ್ಡೆ, ಅದರ ಅಚ್ಚು, ಅದರ ಗಾಲಿ. ಊರವರು ಎಳೆಯುವ ಮಿಣಿಯ ಜಗ್ಗು, ಹಳ್ಳದಲ್ಲಿ ಗಾಲಿ ಬಿದ್ದಾಗಿನ ಏಟು, ಮೇಲೆ ಕುಳಿತವರ ಭಾರ, ಇವೆಲ್ಲವನ್ನೂ ತಡೆಯುವುದು ಆ ಗಡ್ಡೆ. ಮೋಟಾರಿನ ಚಾಸಿ ಎಂದರೆ ಅದೇ. ಹೈದರಾಬಾದಿನ ಹೆದ್ದಾರಿಯಲ್ಲಿ, ಮೈಯೇ ಇಲ್ಲದ ಹೊಸ ಲಾರಿಯನ್ನು ಮುಖಕ್ಕೆ ವಸ್ತ್ರ ಸುತ್ತಿಕೊಂಡ ಚಾಲಕನೊಬ್ಬ ಹಲಗೆಯ ಮೇಲೆ ಕುಳಿತು ಓಡಿಸಿಕೊಂಡು ಹೋಗುವುದನ್ನು ತಮ್ಮಲ್ಲಿ ಹಲವರು ಕಂಡಿರಬೇಕು. ಅದು ಬರಿಯ ಚಾಸಿ. ಕಾರ್ಖಾನೆಯಿಂದ ಹಾಗೆಯೇ ಹೊರಟು, ಮೈಯನ್ನು ಬೇರೆ ಊರಿನಲ್ಲಿ ಕಟ್ಟಿಸಿಕೊಳ್ಳುತ್ತಿತ್ತು. ನಮ್ಮ ಹಿಂಗಣಾದ ರಾಜ್ಯ ಸಾರಿಗೆಯ ಕಾರ್ಯಾಗಾರದಲ್ಲಿ ಕೆಂಪು ಬಸ್ಸುಗಳಿಗೆ ಮೈ ಕಟ್ಟಿದ ಕನ್ನಡಿಗರೊಬ್ಬರು ನನಗೆ ಗೊತ್ತು.

ಹಾಗಾದರೆ ಹಳೆಯ ಗಾಡಿಯೊಂದರ ಮೈಯನ್ನು ಕಿತ್ತು ಹಾಕಿ, ಅದರ ಚಾಸಿಯ ಮೇಲೆ ನಮಗೆ ಬೇಕಾದ ಚೆಂದದ ಮೈಯನ್ನು ಕೂರಿಸಬಹುದಲ್ಲವೆ? ಇದೇ ಈ ಷೋಕಿಯ ಮೂಲ. ಹೀಗೆ ಅಡಿಯನ್ನು ಕೊಡುವ ಗಾಡಿಗೆ ಇಂಗ್ಲಿಷಿನವರು ದಾನಿ ಎಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ನಾವೂ ದಾನಿ ಗಾಡಿ ಎನ್ನೋಣ. ಇದು ಕೀಳು ಕೆಲಸವೇನಲ್ಲ. ಲೋಟಸ್ ಕಾರುಗಳ ಜನಕ ಕಾಲಿನ್ ಚಾಪ್‌ಮನ್ 1948ರಲ್ಲಿ ಕಟ್ಟಿದ ಮೊಟ್ಟಮೊದಲ ಕಾರು ಒಂದು ಹಳೆಯ ಆಸ್ಟಿನ್ ಸೆವೆನ್ ಗಾಡಿಯ ಅಡಿಯ ಮೇಲೆಯೇ ಎದ್ದದ್ದು. ಮುಂದೆ 1957ರಲ್ಲಿ ಬಂದ ಅವರ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳ ಗಂಟಾಗಿ ಮಾರುತ್ತಿದ್ದರು. ಕೊಂಡವನು ಮನೆಯಲ್ಲಿಯೇ ಜೋಡಿಸಿಕೊಂಡರೆ ತೆರಿಗೆ ಉಳಿಯುತ್ತಿತ್ತು. ತೆರಿಗೆ ಉಳಿಸುವ ಆಸೆಯಿಂದ ಎಷ್ಟು ಜನ ಮೆಕ್ಯಾನಿಕ್ಕುಗಳಾದರೋ!

ನಮ್ಮ ಮನೆಯಲ್ಲಿ ಈ ಹುಚ್ಚು ಹತ್ತಿದ್ದು ಅಕ್ಕನ ಮಗನಿಗೆ. ಅವನಿಗೆ ಬೇಕಾದದ್ದು 1950ರಿಂದ 1953ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಎಂ.ಜಿ. ಟಿ.ಡಿ. ಎಂಬ ಎರಡಾಳಿನ ಗಾಡಿಯ ಪ್ರತಿರೂಪ. ಉದ್ದನೆಯ ಮೂತಿ, ಹೊರಗೆ ಚಾಚಿದ ಮಡ್‌ಗಾರ್ಡು, ಬೆನ್ನಿಗೆ ಕಟ್ಟಿದ ಸ್ಟೆಪ್ನಿ. ಸುಮಾರು 30,000 ಗಾಡಿಗಳನ್ನು ಮಾಡಿದ್ದರು. ಅಸಲು ಗಾಡಿ ಈಗ ಸಿಕ್ಕರೂ ನಮ್ಮಂಥವರ ಜೇಬಿಗೆ ಅಲ್ಲ. ಒಂದು ದಿನ ಅವನ ಫೋನು ಬಂತು: “ಮಾಮಾ, ಚಾಸಿ ಭಾಳ ಅಗ್ಗಕ್ಕ ಸಿಕ್ಕೈತಿ. ಭಂಗಾರದ ಅಂಗಡ್ಯಾಗ ಅದ. ನೋಡ್ಲಿಕ್ಕೆ ಬರ್ರಿ.” ಇಲ್ಲಿಯವರು ಗುಜರಿಗೆ ಭಂಗಾರವೆನ್ನುತ್ತಾರೆಂಬುದು ತಮಗೆಲ್ಲ ಗೊತ್ತೇ ಇದೆ. ಹೊಸದಾಗಿ ಬಂದಾಗ ಬೀದಿಯಲ್ಲಿ ಕೂಗುತ್ತಾ ಹೋಗುವವನ ದನಿ ಕೇಳಿ ನನ್ನ ಹೆಂಡತಿ, ಈ ಊರಿನಲ್ಲಿ ಬಂಗಾರವನ್ನು ತಳ್ಳುಗಾಡಿಯಲ್ಲಿ ಮಾರುತ್ತಾರೆಯೇ ಎಂದು ಬಾಗಿಲಿಗೆ ಓಡಿದ್ದಳು. ಅಗ್ಗದ ಚಾಸಿಯ ಮಾತು ಕೇಳಿದಾಗಲೆಲ್ಲ ನನಗೆ ಆ ಓಟ ನೆನಪಾಗುತ್ತದೆ.

“ತಮ್ಮಾ, ಹಣ ಕೊಡಬ್ಯಾಡ. ನಾ ಬರೂತನಕ ತಡಿ” ಎಂದೆ. ಏಕೆ ತಡಿ ಎಂದೆನೆಂಬುದನ್ನು ಹೇಳಲು ನಾನು 1994ಕ್ಕೆ ಹೋಗಬೇಕು.

ಆಗ ನನಗೆ ಮೂವತ್ತೈದರ ಆಸುಪಾಸು. ದೋಸೆಯ ಗೆಳೆಯರಿಗೂ ಅಷ್ಟೇ ವಯಸ್ಸು. ಇಬ್ಬರಿಗೂ ಇಂಥದೇ ಒಂದು ಗಾಡಿಯ ಆಸೆ. ಹರಾಜಿನಲ್ಲಿ ಬಂದ ಹಳೆಯ ಜೀಪೊಂದು ವ್ಯಾಪಾರಿಯೊಬ್ಬನ ಹಿತ್ತಲಲ್ಲಿತ್ತು. ಎಂಜಿನ್ನು ಒಂದೇ ಏಟಿಗೆ ಎದ್ದಿತು. ನಾವು ಅಷ್ಟಕ್ಕೇ ಮರುಳಾದೆವು. ಇದು ಮೊದಲನೆಯ ತಪ್ಪು, ಮತ್ತು ಎಲ್ಲರೂ ಮಾಡುವ ತಪ್ಪು. ಎಂಜಿನ್ನು ಕೆಟ್ಟರೆ ಇನ್ನೊಂದು ಬರುತ್ತದೆ, ರಿಪೇರಿಯೂ ಆಗುತ್ತದೆ. ಮೊದಲು ನೋಡಬೇಕಾದ್ದು ಎಂಜಿನ್ನಲ್ಲ, ಅಳತೆಪಟ್ಟಿ.

ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಇರುವ ದೂರಕ್ಕೆ ವೀಲ್‌ಬೇಸ್ ಎನ್ನುತ್ತಾರೆ. ಎಂ.ಜಿ. ಟಿ.ಡಿ.ಗೆ ಅದು 94 ಅಂಗುಲ. ಆ ಕಾಲದ ಸಣ್ಣ ಜೀಪಿಗೆ 80. ನಡುವೆ 14 ಅಂಗುಲದ ಕೊರತೆ. ತಿಳಿದವನು ಇಲ್ಲಿಗೇ ಕೈಮುಗಿದು ಮನೆಗೆ ಹೋಗುತ್ತಾನೆ. ನಾನು ರೈಲ್ವೆಯ ಬೆಸುಗೆಗಾರನೆಂಬ ಹಮ್ಮಿನಲ್ಲಿ ಚಾಸಿಯ ಎರಡು ತೊಲೆಗಳನ್ನೂ ನಡುವಿನಲ್ಲಿ ನೆಟ್ಟಗೆ ಕತ್ತರಿಸಿ, 14 ಅಂಗುಲದ ತುಂಡನ್ನು ಕೂರಿಸಿ, ಬೆಸೆದೆ. ಬೆಸುಗೆ ನೋಡಲು ಚೆಂದವಾಗಿತ್ತು. ಉಜ್ಜಿ, ಬಣ್ಣ ಬಳಿದ ಮೇಲೆ ಎಲ್ಲಿ ಬೆಸೆದದ್ದೆಂದು ನನಗೇ ತಿಳಿಯುತ್ತಿರಲಿಲ್ಲ. ತಗಡಿನ ಮೈ ಎದ್ದಿತು. ಎಂಟು ತಿಂಗಳು ಊರೆಲ್ಲ ಓಡಾಡಿದೆವು.

ಒಂದು ಭಾನುವಾರ ಬುಟಿಬೋರಿಯನ್ನು ದಾಟಿ ಹೋಗುತ್ತಿದ್ದೆವು. ಗೆಳೆಯರು ಸ್ಟೀರಿಂಗು ಹಿಡಿದಿದ್ದರು. ವೇಗವೇನೂ ಇರಲಿಲ್ಲ. ರಸ್ತೆಯ ಒಂದು ಗುಂಡಿಗೆ ಚಕ್ರ ಬಿತ್ತು, ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು, ಬಲಬದಿಯ ತೊಲೆ ಬೆಸುಗೆಯ ಪಕ್ಕದಲ್ಲಿಯೇ ತುಂಡಾಯಿತು. ಗಾಡಿಯ ನಡು ನೆಲಕ್ಕೆ ಕುಸಿದು ಅಡ್ಡತಿರುಗಿತು. ಸ್ಟೀರಿಂಗಿನ ಗಾಲಿ ಒಮ್ಮೆಲೇ ಗಿರ್ರನೆ ತಿರುಗಿದಾಗ ಅದರ ಕಡ್ಡಿಗಳ ನಡುವೆ ಅವರ ಕೈ ಸಿಕ್ಕಿತು. ಎದುರಿನಿಂದ ಲಾರಿ ಬರಲಿಲ್ಲವೆಂಬುದೇ ಪುಣ್ಯ. ಮೂರು ತಿಂಗಳು ಅವರು ಕಾವಲಿಯ ಮುಂದೆ ನಿಲ್ಲಲಿಲ್ಲ.

ತುಂಡಾದ ಆ ಉಕ್ಕನ್ನು ನಾನು ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಮುರಿದ ಮುಖವನ್ನು ನೋಡಿದರೆ ಮುಕ್ಕಾಲು ಭಾಗ ಕಪ್ಪಗೆ, ನುಣ್ಣಗೆ ಇದೆ. ಕಾಲು ಭಾಗ ಮಾತ್ರ ಹೊಳಪಾಗಿ, ಒರಟಾಗಿದೆ. ಎಂದರೆ ಅದು ಆ ಭಾನುವಾರ ಮುರಿದದ್ದಲ್ಲ. ತಿಂಗಳುಗಟ್ಟಲೆ ಒಳಗೊಳಗೇ ಬಿರಿಯುತ್ತಾ ಬಂದು, ಉಳಿದ ಕಾಲು ಭಾಗ ಆ ದಿನ ಕೈಬಿಟ್ಟಿತು. ತಂತಿಯ ತುಂಡೊಂದನ್ನು ಹತ್ತು ಸಲ ಅತ್ತಿತ್ತ ಬಗ್ಗಿಸಿದರೆ ಮುರಿಯುತ್ತದಲ್ಲ, ಹಾಗೆ. ಲೋಹಕ್ಕೂ ದಣಿವುಂಟು. ಬೆಸುಗೆಯ ಬಿಸಿಗೆ ಅದರ ಪಕ್ಕದ ಉಕ್ಕಿನ ಗುಣ ಬದಲಾಗುತ್ತದೆ. ದಣಿವು ಹಿಡಿಯುವುದು ಅಲ್ಲಿಯೇ. ತೊಲೆಗೆ ಅತಿ ಹೆಚ್ಚು ಬಾಗು ಬರುವುದು ಸಾಮಾನ್ಯವಾಗಿ ನಡುವಿನಲ್ಲಿ. ನಾನು ಕತ್ತರಿಸಿದ್ದೂ ನಡುವಿನಲ್ಲಿ, ಅದೂ ನೇರವಾಗಿ, ಮೇಲೊಂದು ಆಸರೆಯ ಫಲಕವೂ ಇಲ್ಲದೆ. ರೈಲಿನ ಡಬ್ಬಿಗೆ ಇಂಥ ಬೆಸುಗೆ ಹಾಕಿದ್ದರೆ ನನ್ನ ಮೇಲಧಿಕಾರಿ ಅಂದೇ ಮನೆಗೆ ಕಳಿಸುತ್ತಿದ್ದ. ಸ್ವಂತದ ಗಾಡಿಯಾದ್ದರಿಂದ ಕೇಳುವವರಿರಲಿಲ್ಲ. ಜೀಪಿನದು ಏನೂ ತಪ್ಪಿಲ್ಲ. ಅದನ್ನು ಮಾಡಿದವರು 80 ಅಂಗುಲಕ್ಕೆಂದು ಮಾಡಿದ್ದರು.

ಗೆಳೆಯರು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಆಸ್ಪತ್ರೆಯಲ್ಲಿ ಕಣ್ತೆರೆದು ಅಂದದ್ದು ಇಷ್ಟೇ: “ಮಾರಾಯ್ರೇ, ನಿಮ್ಮ ಬೆಸುಗೆಗಿಂತ ನನ್ನ ಉದ್ದಿನ ಹಿಟ್ಟೇ ಗಟ್ಟಿಯಲ್ಲವಾ!”

ಅಂದಿನಿಂದ ನನ್ನದೊಂದು ನಿಯಮ. ಕಟ್ಟಬೇಕೆಂದಿರುವ ಗಾಡಿಯ ಅಳತೆಗೆ ಹುಟ್ಟಿನಿಂದಲೇ ಹೊಂದುವ ಚಾಸಿ ಸಿಗದಿದ್ದರೆ ಮೈಯ ಅಳತೆಯನ್ನು ಬದಲಿಸು, ಇಲ್ಲವೆ ಆಸೆಯನ್ನು ಬಿಡು. ಚಾಸಿಯನ್ನು ಕತ್ತರಿಸಬೇಡ. ಹೊರದೇಶಗಳಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಗಾಡಿಯ ಅಡಿಯ ಮೇಲೆ ಎಂ.ಜಿ. ಪ್ರತಿರೂಪಗಳನ್ನು ರಾಶಿರಾಶಿಯಾಗಿ ಕಟ್ಟಿದ್ದು ಏಕೆಂದು ತಿಳಿದಿರೇನು? ಬೀಟಲಿನ ವೀಲ್‌ಬೇಸು ತೊಂಬತ್ತನಾಲ್ಕೂವರೆ ಅಂಗುಲ. ಅರ್ಧ ಅಂಗುಲದ ಅಂತರ! ಅದೇ ಬೀಟಲಿನ ಮೇಲೆ ಹಳೆಯ ಪೋರ್ಷೆಯ ಪ್ರತಿರೂಪ ಕಟ್ಟುವವರು ಸುಮಾರು ಒಂದು ಅಡಿಯನ್ನು ಕತ್ತರಿಸಿ ತೆಗೆಯಬೇಕು. ಆದರೆ ಬೀಟಲಿನ ಎಂಜಿನ್ನು ಹಿಂದೆ. ಎಂ.ಜಿ.ಯ ಉದ್ದ ಮೂತಿಯನ್ನು ತೆರೆದರೆ ಒಳಗೆ ಬರಿಯ ಪೊಳ್ಳು. ಅಂಥದನ್ನು ನನ್ನ ಮನಸ್ಸು ಒಪ್ಪದು. ಬೀಟಲು ನಮ್ಮ ದೇಶದಲ್ಲಿ ತಯಾರಾದದ್ದೂ ಅಲ್ಲ, ಇರುವ ಕೆಲವನ್ನು ಅವುಗಳ ಒಡೆಯರು ಮಕ್ಕಳಂತೆ ನೋಡಿಕೊಳ್ಳುತ್ತಾರೆ. ಅವನ್ನು ಕೆಡವುವುದು ಪಾಪ.

ಇನ್ನು ನಮ್ಮಲ್ಲಿ ಏನಿದೆ? ಅಳಿಯ ಪಟ್ಟಿ ಮಾಡಿಕೊಂಡು ಬಂದಿದ್ದ. ಮೊದಲ ಹೆಸರು ಅಂಬಾಸಿಡರ್. ಹಿಂದಿನ ಚಕ್ರ ಓಡಿಸುವ ಗಾಡಿ, ಎಲ್ಲ ಊರಿನಲ್ಲೂ ಮಿಸ್ತ್ರಿ ಇದ್ದಾನೆ, ಬಿಡಿಭಾಗಗಳು ಇನ್ನೂ ಸಿಗುತ್ತವೆ. ಆದರೆ ಅಂಬಾಸಿಡರಿಗೆ ಚಾಸಿಯೇ ಇಲ್ಲ! ಕೇಳಿದವರು ನಂಬುವುದಿಲ್ಲ. ಏಡಿಯನ್ನು ನೋಡಿದ್ದೀರಷ್ಟೆ: ಅದಕ್ಕೆ ಒಳಗೆ ಎಲುಬಿಲ್ಲ, ಚಿಪ್ಪೇ ಎಲುಬು. ಅಂಬಾಸಿಡರು, ಹಳೆಯ ಫಿಯಟ್ಟು, ಮಾರುತಿ 800, ಇವೆಲ್ಲ ಏಡಿಯ ಜಾತಿ. ತಗಡಿನ ಮೈಯೇ ಭಾರ ಹೊರುವುದು. ಮೈಯನ್ನು ಕಿತ್ತರೆ ಕೈಯಲ್ಲಿ ಉಳಿಯುವುದು ನಾಲ್ಕು ಚಕ್ರ ಮತ್ತು ಪಶ್ಚಾತ್ತಾಪ. ಇಂಥ ಗಾಡಿಯಿಂದ ಎಂಜಿನ್ನು, ಗಿಯರುಪೆಟ್ಟಿಗೆ, ಹಿಂದಿನ ಅಚ್ಚನ್ನು ಪಡೆಯಬಹುದು. ಅಡಿಯನ್ನು ಪಡೆಯಲಾಗದು. ನಮ್ಮ ಮಹಾರಾಷ್ಟ್ರದಲ್ಲೇ ಚಿಂಕಾರಾ ಎಂಬ ಕಂಪನಿ ಲೋಟಸ್ ಸೆವೆನ್ನಿನ ಧಾಟಿಯ ಗಾಡಿಯನ್ನು ಕಟ್ಟಿದಾಗ, ಅಂಬಾಸಿಡರಿನಲ್ಲಿ ಬರುತ್ತಿದ್ದ 1.8 ಲೀಟರಿನ ಇಸುಜು ಎಂಜಿನ್ನನ್ನು ಬಳಸಿ, ಚಾಸಿಯನ್ನು ಕೊಳವೆಗಳಿಂದ ತಾವೇ ಮಾಡಿಕೊಂಡರು. ಇಂಗ್ಲೆಂಡಿನ ರಾನ್ ಚಾಂಪಿಯನ್ ಎಂಬವರು 1996ರಲ್ಲಿ, ಫೋರ್ಡ್ ಎಸ್ಕಾರ್ಟ್ ಗಾಡಿಯ ಅಂಗಾಂಗಗಳಿಂದ 250 ಪೌಂಡಿನಲ್ಲಿ ಓಟದ ಕಾರು ಕಟ್ಟುವ ಬಗೆಯನ್ನು ಪುಸ್ತಕವಾಗಿಯೇ ಬರೆದರು. ಅದರಲ್ಲೂ ಚಾಸಿಯನ್ನು ಓದುಗನೇ ಬೆಸೆಯಬೇಕು. ನನ್ನ ಬೆಸುಗೆಯ ಕಥೆಯನ್ನು ತಾವು ಈಗಷ್ಟೇ ಕೇಳಿದ್ದೀರಿ.

ಎರಡನೆಯದು ಮಾರುತಿ ಜಿಪ್ಸಿ. ಇದು ನಾಗಪುರದವರಿಗೆ ನಿಜವಾದ ಆಮಿಷ. ಪೇಂಚ್, ತಾಡೋಬಾ ಕಾಡುಗಳಲ್ಲಿ ಹುಲಿ ತೋರಿಸಲು ಕರೆದೊಯ್ಯುವ ತೆರೆದ ಗಾಡಿಗಳಲ್ಲಿ ಬಹುಪಾಲು ಇವೇ. ಜಿಪ್ಸಿಗೆ ಏಣಿಯಂಥ ನಿಜವಾದ ಚಾಸಿ ಇದೆ. ವೀಲ್‌ಬೇಸು 2375 ಮಿಲಿಮೀಟರು, ಎಂದರೆ ತೊಂಬತ್ತಮೂರೂವರೆ ಅಂಗುಲ. ಅಳಿಯ ಇದನ್ನು ಲೆಕ್ಕ ಹಾಕಿ ಕುಣಿದಾಡಿದ. ನಾನೂ ಒಂದು ರಾತ್ರಿ ಕುಣಿದೆ. ಬೆಳಿಗ್ಗೆ ಹೋಗಿ ಒಂದರ ಕೆಳಗೆ ಮಲಗಿ ನೋಡಿದಾಗ ಕುಣಿತ ನಿಂತಿತು. ಕಾಡಿನ ಕಲ್ಲು ತಾಗದಿರಲೆಂದು ಆ ಚಾಸಿ ನೆಲದಿಂದ ಬಲು ಎತ್ತರದಲ್ಲಿದೆ. ಮುಂದೆಯೂ ಹಿಂದೆಯೂ ಗಟ್ಟಿ ಅಚ್ಚು, ಅದನ್ನು ದಾಟಲು ತೊಲೆಗಳು ಇನ್ನೂ ಮೇಲಕ್ಕೆ ಬಾಗುತ್ತವೆ. ಅದರ ಮೇಲೆ ಎಂ.ಜಿ.ಯ ಮೈಯನ್ನು ಕೂರಿಸಿದರೆ ಮರಗಾಲು ಕಟ್ಟಿಕೊಂಡ ಹುಡುಗನ ಹಾಗೆ ಕಾಣುತ್ತದೆ. ಅಂದದ ಮಾತಿರಲಿ, ಎತ್ತರದ ಗಾಡಿ ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ಅಲ್ಲದೆ ಸಫಾರಿಯ ಜಿಪ್ಸಿ ಎಂದರೆ ಬಾಡಿಗೆಯ ಗಾಡಿಯೆಂದು ನೋಂದಣಿಯಾದದ್ದು, ಅದರ ಕಾಗದಪತ್ರದ ಗಂಟು ಬೇರೆ. ಅಳತೆ ಒಂದೇ ಸರಿ ಇದ್ದರೆ ಸಾಲದೆಂಬುದನ್ನು ನನಗೆ ಜಿಪ್ಸಿ ಕಲಿಸಿತು. ಆದರೆ ಎತ್ತರವೇ ಬೇಕೆನ್ನುವವರಿಗೆ, ಹಳೆಯ ಸೈನ್ಯದ ಗಾಡಿಯ ಪ್ರತಿರೂಪ ಕಟ್ಟುವವರಿಗೆ, ಅದಕ್ಕಿಂತ ಒಳ್ಳೆಯ ದಾನಿ ಈ ಊರಿನಲ್ಲಿಲ್ಲ. 2019ರಲ್ಲಿ ಮಾರುಕಟ್ಟೆಯಿಂದ ಹೋದರೂ ಬಿಡಿಭಾಗಗಳಿಗೆ ಬರವಿಲ್ಲ.

ಮೂರನೆಯದನ್ನು ಹೇಳಿದವರು ನಮ್ಮ ಸಂಘದವರೇ ಒಬ್ಬರು. “ಕನ್ನಡಿಗರು ಕಟ್ಟುವ ಗಾಡಿಗೆ ಬೆಂಗಳೂರಿನ ಡಾಲ್ಫಿನ್ ಇರುವಾಗ ಬೇರೆಯದೇಕೆ?” ಎಂದರು. ಮಾತು ಎದೆಗೆ ತಾಗಿತು. ಸಿಪಾನಿಯವರು ಬೆಂಗಳೂರಿನಲ್ಲಿ 1982ರಲ್ಲಿ ಹೊರತಂದ ಡಾಲ್ಫಿನ್ ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಗಾಡಿಯ ಅವತಾರ. ಉಕ್ಕಿನ ಬೇರೆ ಚಾಸಿ, ಅದರ ಮೇಲೆ ಫೈಬರಿನ ಮೈ, 848 ಸಿ.ಸಿ.ಯ ಅಲ್ಯುಮಿನಿಯಮ್ ಎಂಜಿನ್ನು, ಹಿಂದಿನ ಚಕ್ರಗಳಿಗೆ ಶಕ್ತಿ. ತುಕ್ಕು ಹಿಡಿಯದ ಮೈ ನಮ್ಮ ಜನಕ್ಕೆ ರುಚಿಸಲಿಲ್ಲ. “ಪ್ಲಾಸ್ಟಿಕ್ ಕಾರು” ಎಂದು ನಕ್ಕರು. ಮುಂದಿನ ವರ್ಷ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಆಮೇಲಿನದು ತಮಗೆ ಗೊತ್ತು. ಓಟದ ಸಣ್ಣ ಗಾಡಿಗೆ ಇದು ಹೇಳಿ ಮಾಡಿಸಿದ ಅಡಿ: ಹಗುರ, ಸರಳ. ಆದರೆ ವೀಲ್‌ಬೇಸು ಎಂಬತ್ತನಾಲ್ಕೂವರೆ ಅಂಗುಲ. ಎಂ.ಜಿ.ಗೆ ಒಂಬತ್ತೂವರೆ ಅಂಗುಲ ಕಡಿಮೆ. ಲೋಟಸ್ ಸೆವೆನ್ನಿಗೆ 88 ಅಂಗುಲ ಸಾಕು. ಮೈಯನ್ನು ತುಸು ಗಿಡ್ಡ ಮಾಡಿದರೆ ಅಂಥದಕ್ಕೆ ಡಾಲ್ಫಿನ್ ಒದಗೀತು. ನಮ್ಮ ಕೆಲಸಕ್ಕೆ ಒದಗದು. ಅಭಿಮಾನಕ್ಕೆ ಒಂಬತ್ತೂವರೆ ಅಂಗುಲವನ್ನು ತುಂಬುವ ಶಕ್ತಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಕೊನೆಗೆ ಉಳಿದದ್ದು ಸ್ಟ್ಯಾಂಡರ್ಡ್ ಹೆರಾಲ್ಡ್. ಮದರಾಸಿನಲ್ಲಿ 1961ರಿಂದ ತಯಾರಾದ ಗಾಡಿ. ತಮ್ಮ ತಂದೆಯವರ ಕಾಲದ ಡಾಕ್ಟರರ ಮನೆಯ ಮುಂದೆ ಒಂದನ್ನು ಕಂಡಿರುತ್ತೀರಿ. ಇದರ ಹುಟ್ಟಿನದೇ ಒಂದು ಕಥೆ. ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಟ್ರಯಂಫ್ ಕಂಪನಿಗೆ ಮೈಗಳನ್ನು ಒತ್ತಿ ಕೊಡುತ್ತಿದ್ದ ಕಾರ್ಖಾನೆಯನ್ನು ಪ್ರತಿಸ್ಪರ್ಧಿಗಳು ಕೊಂಡುಬಿಟ್ಟರು. ಇಡೀ ಮೈಯನ್ನು ಏಡಿಯ ಚಿಪ್ಪಿನಂತೆ ಒಂದೇ ಆಗಿ ಮಾಡಿಕೊಡುವವರು ಅವರಿಗೆ ಸಿಗಲಿಲ್ಲ. ಅದಕ್ಕಾಗಿ ಹಳೆಯ ಪದ್ಧತಿಗೇ ಮರಳಿ, ಗಟ್ಟಿ ಚಾಸಿ ಮಾಡಿ, ಮೈಯನ್ನು ಬೇರೆಬೇರೆ ತುಂಡುಗಳಲ್ಲಿ ಮಾಡಿಸಿ, ಬೋಲ್ಟುಗಳಿಂದ ಬಿಗಿದರು. 1959ರಲ್ಲಿ ಅದು ಬಂದಾಗ ಹಳೆಯ ಕಾಲದ ಕಟ್ಟಡವೆನಿಸಿತ್ತು. ಆದರೆ ಅದೇ ಬಡತನ ಮುಂದೆ ನಮ್ಮಂಥವರ ಭಾಗ್ಯವಾಯಿತು. ಬೋಲ್ಟು ಬಿಚ್ಚಿದರೆ ಮೈ ಬೇರೆ, ಚಾಸಿ ಬೇರೆ. ಇಂಗ್ಲೆಂಡಿನಲ್ಲಿ ಎಂ.ಜಿ.ಯಂಥ ಜೆಂಟ್ರಿ ಎಂಬ ಗಾಡಿಯನ್ನು ಕಟ್ಟುತ್ತಿದ್ದವರು ಆರಿಸಿಕೊಂಡದ್ದೂ ಇದೇ ಮನೆತನದ ಚಾಸಿಗಳನ್ನು. ವೀಲ್‌ಬೇಸು ತೊಂಬತ್ತೊಂದೂವರೆ ಅಂಗುಲ. ಎರಡೂವರೆ ಅಂಗುಲದ ವ್ಯತ್ಯಾಸವನ್ನು ಮೈಯಲ್ಲೇ ನುಂಗಿಸಬಹುದು, ಯಾರ ಕಣ್ಣಿಗೂ ಬೀಳದು. ಚಾಸಿಯ ಎರಡು ತೊಲೆಗಳು ನಡುವಿನಲ್ಲಿ ಹತ್ತಿರ ಹತ್ತಿರ ಬೆನ್ನೆಲುಬಿನಂತೆ ಹೋಗುವುದರಿಂದ ಕುಳಿತುಕೊಳ್ಳುವವರು ಅದರ ಆಚೀಚೆ ತಗ್ಗಿನಲ್ಲಿ ಕೂರಬಹುದು. ಎಂ.ಜಿ.ಯ ತಗ್ಗಾದ ನಿಲುವು ಅದರಿಂದ ಬರುತ್ತದೆ.

ದೋಷಗಳಿಲ್ಲವೆ? ಇವೆ. ಮೊದಲ ಹೆರಾಲ್ಡುಗಳ ಹಿಂದಿನ ಚಕ್ರಗಳು ಒಂದೇ ಗಟ್ಟಿ ಅಚ್ಚಿನ ಮೇಲಿಲ್ಲ. ನಡುವಿನ ಡಿಫರೆನ್ಷಿಯಲ್ಲಿನಿಂದ ಎರಡು ತೋಳುಗಳಂತೆ ಜೋಲುತ್ತವೆ, ಅಡ್ಡಲಾಗಿ ಹಾಕಿದ ಒಂದೇ ಸ್ಪ್ರಿಂಗು ಎರಡನ್ನೂ ಹಿಡಿದಿರುತ್ತದೆ. ತಿರುವಿನಲ್ಲಿ ವೇಗವಾಗಿ ಹೋಗಿ ಒಮ್ಮೆಲೇ ಆಕ್ಸಲರೇಟರಿನಿಂದ ಕಾಲು ತೆಗೆದರೆ ಹೊರಬದಿಯ ಚಕ್ರ ಒಳಕ್ಕೆ ಮಡಚಿಕೊಂಡು ಗಾಡಿಯ ಬಾಲ ಹಾರುತ್ತದೆ. ಪ್ರತಿರೂಪ ಕಟ್ಟುವವರು ಇನ್ನೊಂದನ್ನು ಗಮನಿಸಬೇಕು. ಉಕ್ಕಿನ ಮೈ ತೆಗೆದು ಹಗುರವಾದ ಮೈ ಹಾಕಿದರೆ ಸ್ಪ್ರಿಂಗಿನ ಮೇಲಿನ ಭಾರ ಕಡಿಮೆಯಾಗಿ ಹಿಂಭಾಗ ಮೇಲೇಳುತ್ತದೆ, ಚಕ್ರಗಳು ಮೊದಲೇ ಒಳಕ್ಕೆ ವಾಲಿ ನಿಲ್ಲುತ್ತವೆ, ಹಾರುವ ಚಟ ಇನ್ನಷ್ಟು ಬೆಳೆಯುತ್ತದೆ. ಪಟ್ಟಿಗಳಲ್ಲಿ ಒಂದನ್ನು ತೆಗೆದು ಸ್ಪ್ರಿಂಗನ್ನು ತಗ್ಗಿಸಬೇಕು. ಹಗುರ ಮಾಡಿದರೆ ಒಳ್ಳೆಯದೇ ಆಗುತ್ತದೆಂದು ತಿಳಿಯುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಹೆರಾಲ್ಡ್ ಎಂದು ನಿಶ್ಚಯವಾದ ಮೇಲೆ ಯಾವ ಹೆರಾಲ್ಡ್ ಎಂಬ ಪ್ರಶ್ನೆ. ಅಳಿಯನಿಗೆ ಅಗ್ಗಕ್ಕೆ ಸಿಕ್ಕಿದ್ದು ಅದೇ ಜಾತಿಯ ಚಾಸಿ, ಕಡಲ ಕರೆಯಿಂದ ಬಂದದ್ದು. ಮೇಲೆ ಹೊಸ ಕಪ್ಪು ಬಣ್ಣ. ಹೊಸ ಬಣ್ಣ ಕಂಡರೆ ನನಗೆ ಅನುಮಾನ. ನನ್ನ ಜೀಪಿಗೂ ನಾನು ಹೊಸ ಬಣ್ಣ ಬಳಿದಿದ್ದೆ. ಸಣ್ಣ ಸುತ್ತಿಗೆಯಿಂದ ತೊಲೆಯ ಉದ್ದಕ್ಕೂ ತಟ್ಟುತ್ತಾ ಹೋದೆ. ಆರೋಗ್ಯವಾದ ಉಕ್ಕು ಗಂಟೆಯಂತೆ ಕಣ್ಣೆನ್ನುತ್ತದೆ. ಮೈಯನ್ನು ಹಿಡಿಯಲು ಪಕ್ಕಕ್ಕೆ ಚಾಚಿರುವ ತೋಳುಗಳ ಹತ್ತಿರ ಸದ್ದು ಒಡೆದ ಮಡಕೆಯಂತಾಯಿತು. ಸ್ಕ್ರೂಡ್ರೈವರಿನಿಂದ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು. ಒಳಗೆಲ್ಲ ತುಕ್ಕಿನ ಪುಡಿ. ಆಮೇಲೆ ಚಾಸಿಯನ್ನು ಸಮನಾದ ನೆಲದ ಮೇಲಿಟ್ಟು, ನಾಲ್ಕು ಮೂಲೆಗಳಿಂದ ತೂಗುಗುಂಡು ಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ದಾರ ಹಿಡಿದೆವು. ಎರಡು ದಾರಗಳೂ ಒಂದೇ ಉದ್ದವಿರಬೇಕು. ಮುಕ್ಕಾಲು ಅಂಗುಲ ವ್ಯತ್ಯಾಸ. ಎಂದೋ ಡಿಕ್ಕಿ ಹೊಡೆದ ಗಾಡಿ. ಇಷ್ಟಕ್ಕೆ ಬೇಕಾದ ಸಾಮಾನು ಒಂದು ಸುತ್ತಿಗೆ, ಒಂದು ದಾರ, ಎರಡು ಸೀಮೆಸುಣ್ಣ. ಅಂಗಡಿಯವನು ನಮ್ಮ ಪೂಜೆ ನೋಡಿ, ಮುಹೂರ್ತ ನೋಡುತ್ತಿದ್ದೀರಾ ಎಂದು ಕೇಳಿದ.

ಎರಡನೆಯದು ನಮ್ಮ ಬಳ್ಳಾರಿಯ ಕಡೆಯಿಂದ ಸಿಕ್ಕಿತು. ಬಳ್ಳಾರಿಯ ಬಿಸಿಲನ್ನು ಬಯ್ಯದ ಕನ್ನಡಿಗನಿಲ್ಲ, ನಾಗಪುರದವರಾದ ನಾವು ಮಾತ್ರ ಅದನ್ನು ಬಯ್ಯಲಾರೆವು. ಆ ಒಣ ಬಿಸಿಲೇ ಈ ಚಾಸಿಯನ್ನು ಕಾಪಾಡಿತ್ತು. ಮೇಲೆ ದೂಳು, ಒಳಗೆ ಅಪ್ಪಟ ಉಕ್ಕು. ದಾರಗಳು ಕೂದಲೆಳೆಯಷ್ಟೂ ತಪ್ಪಲಿಲ್ಲ. ಬೆಲೆ ಮೊದಲಿನದಕ್ಕಿಂತ ಎರಡು ಪಟ್ಟು. ಅಳಿಯ ಮುಖ ಸಣ್ಣದು ಮಾಡಿದ. ನಾನು ಏನೂ ಹೇಳಲಿಲ್ಲ. ಮನೆಗೆ ಕರೆದೊಯ್ದು ನನ್ನ ಆ ಮುರಿದ ಉಕ್ಕಿನ ತುಂಡನ್ನು ಅವನ ಕೈಯಲ್ಲಿಟ್ಟೆ.

ಇನ್ನು ಕಾಗದಪತ್ರದ ವಿಷಯ. ಬೇಸರದ ಮಾತು, ಆದರೆ ಹಣ ಕೊಡುವ ಮೊದಲೇ ಆಡಬೇಕಾದ್ದು. ಚಾಸಿಯ ಮೇಲೆ ಕೊರೆದ ಸಂಖ್ಯೆಯೂ ಆರ್.ಸಿ. ಪುಸ್ತಕದ ಸಂಖ್ಯೆಯೂ ಒಂದೇ ಇರಬೇಕು. ಸಂಖ್ಯೆಯ ಸುತ್ತ ಉಜ್ಜಿದ ಗುರುತಿದ್ದರೆ ಅಲ್ಲಿಂದ ಎದ್ದು ಬನ್ನಿ. ಹೊರರಾಜ್ಯದ ಗಾಡಿಯಾದರೆ ಅಲ್ಲಿಯ ಆರ್.ಟಿ.ಒ. ಕಚೇರಿಯಿಂದ ಎನ್.ಒ.ಸಿ. ಬೇಕು. ಇದೆಲ್ಲ ಸರಿಯಿದ್ದರೂ ದೊಡ್ಡ ಗೋಡೆಯೊಂದಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಹೆರಾಲ್ಡ್ ಎಂದು ಬರೆದಿರುವ ಪುಸ್ತಕವನ್ನು ಹಿಡಿದು ಎಂ.ಜಿ.ಯ ಮೈಯನ್ನು ರಸ್ತೆಗಿಳಿಸುವಂತಿಲ್ಲ. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯೂ ಮೂಲ ರೂಪದಲ್ಲಿರುವ ಗಾಡಿಗಳಿಗೆ ಮಾತ್ರ. ಮಾರುವುದಕ್ಕಾಗಿ ಗಾಡಿ ಮಾಡುವವರು ಪುಣೆಯ ಎ.ಆರ್.ಎ.ಐ. ಅಥವಾ ಅಹಿಲ್ಯಾನಗರದ ವಿ.ಆರ್.ಡಿ.ಇ.ಯಂಥ ಸಂಸ್ಥೆಯಲ್ಲಿ ತಮ್ಮ ಮಾದರಿಯನ್ನು ಪರೀಕ್ಷೆಗೆ ಒಡ್ಡಬೇಕು. ಒಂದೇ ಗಾಡಿ ಕಟ್ಟುವವನಿಗೆ ಅದು ಎಟುಕದ ದ್ರಾಕ್ಷಿ.

ನಾನು ಈ ಕಾನೂನನ್ನು ಬಯ್ಯುವವರ ಗುಂಪಿನಲ್ಲಿಲ್ಲ. ಶ್ರದ್ಧೆಯಿಂದ ಕಟ್ಟುವವನಿಗೆ ಪರೀಕ್ಷೆ ಮಾಡಿಸಿಕೊಂಡು ರಸ್ತೆಗಿಳಿಯುವ ಒಂದು ಬಾಗಿಲಿರಬೇಕಿತ್ತೆಂದು ಅನಿಸುವುದು ನಿಜ. ಆದರೆ 1994ರಲ್ಲಿ ಯಾರಾದರೂ ನನ್ನ ಜೀಪನ್ನು ತಡೆದು ನಿಲ್ಲಿಸಿದ್ದರೆ ನಾನು ಈಗ ಅವರಿಗೆ ದಿನವೂ ನಮಸ್ಕಾರ ಹಾಕುತ್ತಿದ್ದೆ.

ಆದ್ದರಿಂದ ಮನೆಯವರೆಲ್ಲ ಕೂಡಿ ಮೊದಲೇ ಒಂದು ನಿಶ್ಚಯ ಮಾಡಿದೆವು. ಈ ಗಾಡಿ ಸರಕಾರಿ ರಸ್ತೆಗೆ ಇಳಿಯುವುದಿಲ್ಲ. ಕಾಟೋಲಿನ ಕಡೆ ಅಳಿಯನ ಮಾವನವರ ಕಿತ್ತಳೆಯ ತೋಟವಿದೆ. ಅದರೊಳಗಿನ ಮಣ್ಣುದಾರಿ ಸುತ್ತುಬಳಸಿ ಒಂದು ಮೈಲಿ ಆದೀತು. ಅಲ್ಲಿಯೇ ಅದರ ಓಟ. ಪ್ರದರ್ಶನಕ್ಕೆ ಒಯ್ಯಬೇಕಾದರೆ ಲಾರಿಯ ಮೇಲೆ. ಮೂತಿಗೆ ಎಂ.ಜಿ.ಯ ಅಷ್ಟಕೋನದ ಲಾಂಛನವನ್ನೂ ಹಾಕುವುದಿಲ್ಲ. ಪ್ರತಿರೂಪವನ್ನು ಪ್ರತಿರೂಪವೆಂದು ಹೇಳುವವರೆಗೆ ಅದು ಕಲೆ, ಅಸಲೆಂದು ಹೇಳಿದರೆ ಮೋಸ. “ರಸ್ತ್ಯಾಗ ಓಡಿಸಲಾರದ ಗಾಡಿಗೆ ಇಷ್ಟು ಗಟ್ಟಿ ಚಾಸಿ ಯಾಕ, ಮಾಮಾ? ಅಗ್ಗದ್ದೇ ಸಾಕಿತ್ತಲ್ಲ?” ಎಂದು ಅಳಿಯ ಒಮ್ಮೆ ಕೇಳಿದ. ತೋಟದ ದಾರಿಯಲ್ಲೂ ಗುಂಡಿಗಳಿವೆ, ಗಾಡಿಯಲ್ಲಿ ಕೂರುವವಳು ನಿನ್ನ ಆರು ವರ್ಷದ ಮಗಳು ಎಂದೆ. ಮತ್ತೆ ಕೇಳಲಿಲ್ಲ.

ಈಗ ಚಾಸಿ ನಮ್ಮ ಹಿತ್ತಲಲ್ಲಿ ನಾಲ್ಕು ಮರದ ದಿಮ್ಮಿಗಳ ಮೇಲೆ ಕುಳಿತಿದೆ. ಉಜ್ಜಿ, ರೆಡ್ ಆಕ್ಸೈಡ್ ಹೊಡೆದಿದ್ದೇವೆ. ಕಪ್ಪು ಬಣ್ಣವನ್ನು ಮಾತ್ರ ಬಳಿದಿಲ್ಲ, ಎಲ್ಲರೂ ನೋಡಲಿ ಎಂದು. ಸ್ಪ್ರಿಂಗಿನ ಪಟ್ಟಿಯನ್ನು ತೆಗೆಯುವ ಕೆಲಸ ಬರುವ ಭಾನುವಾರಕ್ಕಿದೆ. ಗೆಳೆಯರು ಎಡಗೈಯಲ್ಲಿ ಅಳತೆಪಟ್ಟಿ ಹಿಡಿಯಲು ಬರುತ್ತೇನೆಂದಿದ್ದಾರೆ, ದೋಸೆಯ ಹಿಟ್ಟನ್ನೂ ತರುತ್ತಾರಂತೆ. ಆಸಕ್ತಿಯುಳ್ಳವರು ದಯಮಾಡಿಸಬೇಕು. ಹಳೆಯ ಬಟ್ಟೆ ಉಟ್ಟು ಬನ್ನಿ. ಕೆಳಗೆ ಮಲಗಿ ನೋಡದೆ ಯಾರನ್ನೂ ಕಳಿಸುವುದಿಲ್ಲ.